ಮೂರು ಹೊಳೆ, ಎಂಟು ಕ್ಷೇತ್ರ: ಬಾಗಲಕೋಟೆಯ ಮತದ ದಾರಿಯಲ್ಲಿ ಐದು ದಿನ

ಹೊರಡುವ ಮುನ್ನ

ಬಾಗಲಕೋಟೆ ಸೀಮೆಗೆ ಬಂದವರು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ, ಕೂಡಲಸಂಗಮದಲ್ಲಿ ಕೈಮುಗಿದು ಹೋಗುವುದು ರೂಢಿ. ಇಲ್ಲಿ ಹೇಳುವ ಸುತ್ತು ಬೇರೆ. ಮುಧೋಳ, ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ ಮತ್ತು ಗದಗ ಜಿಲ್ಲೆಯ ನರಗುಂದ, ಈ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಒಂದು ಲೋಕಸಭಾ ಕ್ಷೇತ್ರ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹರಿಯುವ ದಾರಿಯಲ್ಲೇ ಇದನ್ನು ಸುತ್ತಿದರೆ ಮತದ ಲೆಕ್ಕವೂ ಹೆಚ್ಚುಕಡಿಮೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಚ್ಚುಕಡಿಮೆ ಎಂದದ್ದು ಬೇಕೆಂದೇ. ನೀರಿನ ಲೆಕ್ಕ ಎಲ್ಲಿ ಕೈಕೊಡುತ್ತದೆ ಎನ್ನುವುದು ನಾಲ್ಕನೇ ದಿನ ಬರುತ್ತದೆ.

ಬ್ಯಾಗಿನಲ್ಲಿ ಇರಬೇಕಾದ್ದು ಫಾರಂ 20. ಮತ ಎಣಿಕೆ ಮುಗಿದ ಮೇಲೆ ಮತಗಟ್ಟೆವಾರು ಅಂಕಿ ತುಂಬಿ ಚುನಾವಣಾಧಿಕಾರಿ ಸಹಿ ಹಾಕುವ ಹಾಳೆ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಹುಡುಕುವಾಗ ಹೆಸರಿಗಿಂತ ಕ್ರಮಸಂಖ್ಯೆ ನಂಬುವುದು ಲೇಸು: ಮುಧೋಳ 19ರಿಂದ ಶುರುವಾಗಿ ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ ಎಂದು ಸಾಲಾಗಿ ಬಂದು ಹುನಗುಂದಕ್ಕೆ 25. ನರಗುಂದ ಮಾತ್ರ ದೂರ ಹಾರಿ 68. ಜಿಲ್ಲೆ ಬೇರೆಯಾದ್ದರಿಂದ ಬಾಗಲಕೋಟೆಯ ಕಟ್ಟನ್ನಷ್ಟೇ ಇಳಿಸಿಕೊಂಡವರ ಕೈಯಲ್ಲಿ ಏಳೇ ಹಾಳೆ ಉಳಿಯುತ್ತದೆ. ಒಟ್ಟು ಕೂಡಿಸಿದಾಗ ಲೆಕ್ಕ ಬಾರದೆ ತಲೆ ಕೆಡಿಸಿಕೊಳ್ಳುವವರು ಬಹಳ.

ಎಂಟೂ ಕೂಡಿಸಿದರೂ ಒಂದಿಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅಂಚೆ ಮತ ಲೋಕಸಭಾ ಕ್ಷೇತ್ರಕ್ಕೆ ಒಟ್ಟಾಗಿ ಎಣಿಕೆಯಾಗುತ್ತದೆ, ಯಾವ ವಿಧಾನಸಭಾ ಭಾಗದ ಲೆಕ್ಕಕ್ಕೂ ಸೇರುವುದಿಲ್ಲ. ಇನ್ನೊಂದು ಎಡವಟ್ಟು ಮತಗಟ್ಟೆ ಸಂಖ್ಯೆಯದು. ಒಂದು ಮತಗಟ್ಟೆಗೆ 1,500 ಮತದಾರರು ಎಂಬ ಮಿತಿ ಬಹುಕಾಲ ಇತ್ತು. ಮೀರಿದರೆ ಗಟ್ಟೆ ಒಡೆಯುತ್ತದೆ, ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಹಾಗಾಗಿ 2014ರ 112ನೇ ಗಟ್ಟೆಯನ್ನು 2024ರ 112ರ ಪಕ್ಕ ಇಟ್ಟು ಹೋಲಿಸಿದರೆ ಒಂದೂರಿನ ಮತ ಇನ್ನೊಂದೂರಿನ ತಲೆಗೆ ಕಟ್ಟಿದಂತೆ. ಶಾಲೆಯ ಹೆಸರು, ಊರಿನ ಹೆಸರು ನೋಡಿಯೇ ಜೋಡಿಸಬೇಕು.

2008ರ ಕ್ಷೇತ್ರ ಪುನರ್ವಿಂಗಡಣೆಯ ಆಚೆಗೆ ಈ ಹೋಲಿಕೆ ಸಾಗುವುದೇ ಇಲ್ಲ. ಆಗ ಗುಳೇದಗುಡ್ಡ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು, ತೇರದಾಳ ಹುಟ್ಟಿತು. ಅದಕ್ಕೂ ಹಿಂದಿನದಕ್ಕೆ ಚುನಾವಣಾ ಆಯೋಗದ ಅಂಕಿಅಂಶ ವರದಿಯ ಅಭ್ಯರ್ಥಿವಾರು ಒಟ್ಟು ಮತವೇ ಗತಿ.

ಹೊರಡಲು ನವೆಂಬರ್ ಒಳ್ಳೆಯದು. ಹಿನ್ನೀರು ತುಂಬಿರುತ್ತದೆ, ಬ್ಯಾರೇಜುಗಳ ಗೇಟು ಇಳಿದಿರುತ್ತವೆ, ಜೋಳ ಮೊಣಕಾಲೆತ್ತರ ಬಂದಿರುತ್ತದೆ. ಒಂದೇ ಎಚ್ಚರಿಕೆ: ಕಬ್ಬು ನುರಿಸುವ ಹಂಗಾಮು ಅದೇ ಹೊತ್ತಿಗೆ. ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವಿರುವುದು ಅಪರೂಪ. ಕತ್ತಲಾದ ಮೇಲೆ ಆ ರಸ್ತೆ ಬೇಡ.

ಮೊದಲ ದಿನ: ಮುಳುಗಡೆ ನಗರಿ

ಗದಗ–ಹೊಟಗಿ ಮಾರ್ಗದ ರೈಲು ಬಾಗಲಕೋಟೆಯಲ್ಲಿ ಇಳಿಸುತ್ತದೆ. ಇಲ್ಲಿ ಎರಡು ಊರಿವೆ. ಘಟಪ್ರಭೆಯ ದಡದ ಹಳೇ ಬಾಗಲಕೋಟೆ ಒಂದು; ಆಲಮಟ್ಟಿ ಹಿನ್ನೀರಿಗೆ ತಗ್ಗಿನ ಓಣಿಗಳು ಹೋದ ಮೇಲೆ ಸೆಕ್ಟರು, ಪ್ಲಾಟು ಎಂದು ಗೆರೆ ಹೊಡೆದು ಕಟ್ಟಿದ ನವನಗರ ಇನ್ನೊಂದು. ಬೆಳಗ್ಗೆ ಹಳೇ ಊರು ನೋಡಿ, ಮಧ್ಯಾಹ್ನದ ಮೇಲೆ ನವನಗರಕ್ಕೆ ಹೋಗುವುದು ಸರಿ.

ಆಲಮಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ 42 ವರ್ಷಗಳಲ್ಲಿ ಎಷ್ಟು ಚುನಾವಣೆ ಬಂದುಹೋದವೋ ಅಷ್ಟೂ ಸಲ ಪರಿಹಾರದ ಮಾತು ವೇದಿಕೆ ಏರಿದೆ. ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ, ಅಂದರೆ 123 ಟಿಎಂಸಿ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಏರಿಸಲು ಒಪ್ಪಿತು. ಆ ನಾಲ್ಕೂವರೆ ಮೀಟರ್ ಇಂದಿಗೂ ಏರಿಲ್ಲ, ಆದರೆ ಅದರ ಕೆಳಗೆ ಬರಬಹುದಾದ ಹೊಲ ಮಾರಲೂ ಆಗದೆ ಬಿಡಲೂ ಆಗದೆ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ರೂಪಾಯಿ ಎಂದು ದರ ನಿಗದಿ ಮಾಡಿತು. ಮತದಾರರ ಪಟ್ಟಿಯನ್ನು ಹರಡಿಕೊಂಡು ಕೂತರೆ ಊರಿನ ಹೆಸರಿನ ಮುಂದೆ 'ಪುನರ್ವಸತಿ ಕೇಂದ್ರ' ಎಂಬ ಬಾಲ ಎಷ್ಟು ಕಡೆ ಅಂಟಿದೆ ನೋಡಿ. ಊರು ಎದ್ದುಹೋದಾಗ ಮತಗಟ್ಟೆಯೂ ಅದರೊಂದಿಗೆ ಎದ್ದುಹೋಗಿದೆ.

ಬಾಗಲಕೋಟೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ವಿಜಾಪುರದಿಂದ ಒಡೆದು. ಲೋಕಸಭೆಯ ಲೆಕ್ಕದಲ್ಲಿ ಇದು ಮೊದಲಿಗೆ 'ವಿಜಾಪುರ ದಕ್ಷಿಣ'. 1952 ಮತ್ತು 1957ರಲ್ಲಿ ಕಾಂಗ್ರೆಸ್ಸಿನ ರಾಮಪ್ಪ ಬಾಲಪ್ಪ ಬಿದರಿ, ಆಮೇಲೆ 1977ರವರೆಗೆ ನಾಲ್ಕು ಸಲ ಅದೇ ಪಕ್ಷದ ಸಂಗನಗೌಡ ಬಸನಗೌಡ ಪಾಟೀಲ. ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲೂ ಕರ್ನಾಟಕದ 28ರಲ್ಲಿ 26 ಅದರ ಪಾಲಾದವು. ಬಾಗಲಕೋಟೆ ಆ 26ರಲ್ಲಿ ಒಂದು. 1980ರಲ್ಲಿ ವೀರೇಂದ್ರ ಪಾಟೀಲ, 1984ರಲ್ಲಿ ಎಚ್.ಬಿ. ಪಾಟೀಲ, 1989ರಲ್ಲಿ ಎಸ್.ಟಿ. ಪಾಟೀಲ.

ವೀರೇಂದ್ರ ಪಾಟೀಲರ ಕಥೆಗೆ ಒಂದು ಮಾತು ಹೆಚ್ಚು ಬೇಕು. ಅವರು ಈ ಸೀಮೆಯವರಲ್ಲ, ಕಲಬುರಗಿ ಕಡೆಯ ಚಿಂಚೋಳಿಯವರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯ ಎದುರು ಜನತಾ ಪಕ್ಷದಿಂದ ನಿಂತು ಸೋತವರು. ಎರಡೇ ವರ್ಷದಲ್ಲಿ ಇಂದಿರಾ ಕಾಂಗ್ರೆಸ್ಸಿನ ಟಿಕೆಟ್ ಹಿಡಿದು ಬಾಗಲಕೋಟೆಗೆ ಬಂದರು, ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು. ಹೊರಗಿನವರನ್ನು ಈ ಕ್ಷೇತ್ರ ಒಪ್ಪುವುದಿಲ್ಲ ಎಂದು ಚಹಾದಂಗಡಿಯಲ್ಲಿ ಯಾರಾದರೂ ವಾದಿಸಿದರೆ ಈ 1980 ಅಡ್ಡ ಬರುತ್ತದೆ.

ಎರಡನೇ ದಿನ: ಪಶ್ಚಿಮಕ್ಕೆ, ಕಬ್ಬಿನ ಸೀಮೆ

ಗದ್ದನಕೇರಿ ಕ್ರಾಸ್ ದಾಟಿ ಲೋಕಾಪುರ, ಮುಧೋಳ, ಮಹಾಲಿಂಗಪುರ, ರಬಕವಿ–ಬನಹಟ್ಟಿ. ಒಂದು ದಿನದಲ್ಲಿ ಆರಾಮಾಗಿ ಮುಗಿಯುತ್ತದೆ, ರಾತ್ರಿ ಜಮಖಂಡಿಯಲ್ಲಿ ತಂಗಬಹುದು.

ಲೋಕಾಪುರದ ಹತ್ತಿರ ಹೊಸ ರೈಲು ಹಳಿ ಕಾಣುತ್ತದೆ. 142 ಕಿಲೋಮೀಟರ್‌ನ ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾದದ್ದು 2010–11ರ ರೈಲ್ವೆ ಬಜೆಟ್ಟಿನಲ್ಲಿ. ಸುಮಾರು 30 ಕಿಲೋಮೀಟರ್ ದೂರದ ಖಜ್ಜಿಡೋಣಿವರೆಗೆ ಹಳಿ ಬಂದು ವರ್ಷಗಟ್ಟಲೆ ಅಲ್ಲೇ ನಿಂತಿತು. ಭೂಸ್ವಾಧೀನ ರಾಜ್ಯದ ಕೆಲಸ, ಹಳಿ ಹಾಕುವುದು ಕೇಂದ್ರದ ಕೆಲಸ. ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ಹೋಗಿ ಕೂರುವುದು ಇಂಥಲ್ಲೇ. ಎಂ.ಪಿ. ಎಲೆಕ್ಷನ್ನಿಗೆಂದೇ ಮೀಸಲಾದ ಪ್ರಶ್ನೆ ಈ ಕ್ಷೇತ್ರದಲ್ಲಿ ಯಾವುದಾದರೂ ಇದ್ದರೆ ಅದು ಈ ಹಳಿ. ಆದರೂ ಅದು ಯಾರನ್ನೂ ಸೋಲಿಸಿಲ್ಲ.

ಮುಧೋಳ ರನ್ನನ ಊರು, ಬೇಟೆನಾಯಿಯ ಊರು, ಘೋರ್ಪಡೆ ಅರಸರ ಸಂಸ್ಥಾನ. ಎಂಟರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಇದೊಂದೇ. ಬಿಜೆಪಿಯ ಗೋವಿಂದ ಕಾರಜೋಳ ಇಲ್ಲಿ 2004ರಿಂದ 2018ರವರೆಗೆ ಸತತ ನಾಲ್ಕು ಸಲ ಗೆದ್ದು, 2023ರಲ್ಲಿ ಕಾಂಗ್ರೆಸ್ಸಿನ ಆರ್.ಬಿ. ತಿಮ್ಮಾಪುರ ಎದುರು ಸೋತರು. ಮರುವರ್ಷವೇ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು.

ತೇರದಾಳ ಕ್ಷೇತ್ರದ ಮತ ಇರುವುದು ರಬಕವಿ–ಬನಹಟ್ಟಿಯ ಪವರ್‌ಲೂಮ್ ಓಣಿಗಳಲ್ಲಿ. ಮಗ್ಗದ ಸದ್ದು ಕೇಳಬೇಕೆಂದರೆ ಕರೆಂಟು ಇರುವ ಹೊತ್ತು ನೋಡಿ ಹೋಗಬೇಕು. ನಟಿ ಉಮಾಶ್ರೀ 2013ರಲ್ಲಿ ಇಲ್ಲಿಂದ ಗೆದ್ದು ಸಚಿವೆಯಾದರು. 2008, 2018, 2023ರಲ್ಲಿ ಬಿಜೆಪಿಯ ಸಿದ್ದು ಸವದಿ. ಇಷ್ಟು ತಿಳಿದರೆ ಇಲ್ಲಿಗೆ ಸಾಕು. ನಾಳೆಯ ಊರಿಗೆ ಹೆಚ್ಚು ಹೊತ್ತು ಬೇಕು.

ಮೂರನೇ ದಿನ: ಜಮಖಂಡಿ ಮತ್ತು ಶ್ರಮಬಿಂದು ಸಾಗರ

ಜಮಖಂಡಿ ಪಟವರ್ಧನರ ಸಂಸ್ಥಾನ, 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಆಗ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದವರು ಸಾವಳಗಿಯ ವಕೀಲ ಬಸಪ್ಪ ದಾನಪ್ಪ ಜತ್ತಿ. ಊರ ಪುರಸಭೆಯಿಂದ ಹೊರಟವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿಗೆ ಪ್ರಮಾಣವಚನ ಬೋಧಿಸಿದವರು ಇವರೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತಕ್ಕೆ ಸಹಿ ಹಾಕಲು ಹಿಂದುಮುಂದು ನೋಡಿ ಕಡೆಗೆ ಹಾಕಿದವರೂ ಇವರೇ.

ಇಲ್ಲಿಂದ ವಿಜಯಪುರದ ರಸ್ತೆ ಹಿಡಿದರೆ ಕೃಷ್ಣಾ ದಡದ ಚಿಕ್ಕಪಡಸಲಗಿ. ಸೇತುವೆಗೆ ಬಂದಾಗ ಗಾಡಿ ಬದಿಗೆ ಹಾಕಿ ಇಳಿಯಬೇಕು. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡುವಷ್ಟು ಸಮಯವಿದ್ದರೆ ಅದು ಇದು.

ಹೊಳೆ ಕಣ್ಣೆದುರೇ ಹರಿದು ಹೋಗುತ್ತಿದ್ದರೂ ಬೇಸಿಗೆಯಲ್ಲಿ ಪಾತ್ರ ಒಣಗಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮರಳು ಕಚ್ಚುತ್ತಿತ್ತು. ಸರ್ಕಾರ ಮಾಡೀತೆಂದು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿ, ತಾವೇ ವಂತಿಗೆ ಹಾಕಿ, ಶ್ರಮದಾನ ಮಾಡಿ, 1989ರಲ್ಲಿ ಬ್ಯಾರೇಜು ನಿಲ್ಲಿಸಿದರು. ಹೆಸರು ಶ್ರಮಬಿಂದು ಸಾಗರ. ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಎಂಬ ಹೆಸರು ಅಂಟಿತು.

ಬ್ಯಾರೇಜು ಕೆಲಸ ಮಾಡುವ ರೀತಿ ತಿಳಿದರೆ ಅದು ಮತವಾದ ರೀತಿಯೂ ತಿಳಿಯುತ್ತದೆ. ಅಣೆಕಟ್ಟಿನಂತೆ ಇದು ಹೊಳೆಗೆ ಅಡ್ಡ ಗೋಡೆಯಲ್ಲ, ಸಾಲು ಕಂಬ. ಕಂಬಗಳ ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಸೀಳು ಬಿಟ್ಟಿರುತ್ತಾರೆ. ಆ ಸೀಳಿನಲ್ಲಿ ಉಕ್ಕಿನ ಗೇಟು ಇಳಿಯುತ್ತವೆ. ಮುಂಗಾರಿನ ಹೊಳೆ ಬಂದಾಗ ಎಲ್ಲ ಗೇಟೂ ಮೇಲೆ, ನೀರು ಸಲೀಸಾಗಿ ಹೋಗಬೇಕು. ಮಳೆ ಹಿಂದೆ ಸರಿದು ಹರಿವು ಸಣ್ಣಗಾಗುವ ಹೊತ್ತಿಗೆ ಗೇಟು ಇಳಿಸಿ ಬೇಸಿಗೆಗೆ ನೀರು ಹಿಡಿಯಬೇಕು. ಬೇಗ ಇಳಿಸಿದರೆ ಹಿಂಗಾರಿನ ಅಕಾಲಿಕ ಮಹಾಪೂರ ದಂಡೆಯ ಹೊಲಕ್ಕೆ ನುಗ್ಗುತ್ತದೆ. ತಡ ಮಾಡಿದರೆ ಹಿಡಿಯಲು ನೀರೇ ಇರುವುದಿಲ್ಲ. ಗೇಟಿನ ಅಂಚಿನ ರಬ್ಬರು ಹರಿದಿದ್ದರೆ ಹಗಲು ರಾತ್ರಿ ಸೋರಿ ಮಾರ್ಚ್ ಹೊತ್ತಿಗೆ ಹಿಡಿದದ್ದರಲ್ಲಿ ಅರ್ಧವೂ ಉಳಿಯುವುದಿಲ್ಲ. ಜೂನಿಗೆ ಮುಂಚೆ ಎತ್ತದೆ ಬಿಟ್ಟರೆ ಹೂಳು, ಕಸಕಡ್ಡಿ ಸೀಳಿನಲ್ಲಿ ಸಿಕ್ಕಿ ಗೇಟು ಅಲ್ಲಾಡದಂತಾಗುತ್ತದೆ. ಅಂದರೆ ಕಟ್ಟಿ ಮರೆಯುವ ಕೆಲಸ ಇದಲ್ಲ. ವರ್ಷಕ್ಕೆ ಎರಡು ಸಲ ಊರೂರಿನವರು ಕೂಡಿ, ದುಡ್ಡು ಒಟ್ಟು ಮಾಡಿ, ಗೇಟಿನ ಹತ್ತಿರ ನಿಲ್ಲಬೇಕು. ಚುನಾವಣೆಗೆ ಬೇಕಾದ ಊರುವಾರು ಸಂಘಟನೆ ಇದಕ್ಕಿಂತ ಬೇರೆಯಲ್ಲ. ಪಕ್ಷಗಳು ಐದು ವರ್ಷಕ್ಕೊಮ್ಮೆ ಕಟ್ಟುವ ಬೂತ್ ಸಮಿತಿ ಇಲ್ಲಿ ನೀರಿಗಾಗಿ ಮೊದಲೇ ಕಟ್ಟಿಯಾಗಿತ್ತು.

1991ರ ಲೋಕಸಭೆ ಚುನಾವಣೆಯಲ್ಲಿ ಜನತಾ ದಳದಿಂದ ಬಾಗಲಕೋಟೆಗೆ ಬಂದವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ದಿಲ್ಲಿಯ ಪತ್ರಿಕೆಗಳು ಪ್ರಧಾನಿ ಅಭ್ಯರ್ಥಿಗಳ ಸಾಲಿನಲ್ಲಿ ಹೆಸರು ಬರೆಯುತ್ತಿದ್ದ ಮನುಷ್ಯ. ಎದುರಿಗೆ ಕಾಂಗ್ರೆಸ್ ನಿಲ್ಲಿಸಿದ್ದು ಸಿದ್ದು ನ್ಯಾಮಗೌಡರನ್ನು. ಹೆಗಡೆ ಸುಮಾರು 21 ಸಾವಿರ ಮತಗಳಿಂದ ಸೋತರು. ನ್ಯಾಮಗೌಡ ಮೊದಲ ಸಲಕ್ಕೇ ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯ ಕಿರಿಯ ಮಂತ್ರಿಯಾದರು.

ಬ್ಯಾರೇಜು ಹೆಗಡೆಯವರನ್ನು ಸೋಲಿಸಿತು ಎಂದು ಹೇಳುವುದು ರೂಢಿಯಾಗಿದೆ. ಕೇಳಲು ಚೆಂದ, ಆದರೆ ಅರ್ಧ ಲೆಕ್ಕ. ಆ ಸಲ ಕರ್ನಾಟಕದ 28ರಲ್ಲಿ 23 ಕ್ಷೇತ್ರ ಕಾಂಗ್ರೆಸ್ಸಿಗೆ ಬಂದಿದ್ದವು. ಬ್ಯಾರೇಜು ಇಲ್ಲದ ಕಡೆಯೂ ದಳ ಸೋತಿತ್ತು. ಬಾಗಲಕೋಟೆ ಅದಕ್ಕೂ ಹಿಂದಿನ ಒಂಬತ್ತು ಚುನಾವಣೆಗಳಲ್ಲಿ ಕಾಂಗ್ರೆಸ್ಸನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಗಡೆ ಕೆಡವಬೇಕಿದ್ದದ್ದು ನ್ಯಾಮಗೌಡರನ್ನಲ್ಲ, ನಾಲ್ಕು ದಶಕದ ರೂಢಿಯನ್ನು. ಅಂಥ ಹೆಸರಿನ ಮನುಷ್ಯ ಹತ್ತಿರ ಬಂದದ್ದರಲ್ಲಿ ಅಚ್ಚರಿಯಿಲ್ಲ, ಆ ಹತ್ತಿರವನ್ನು ದಾಟಗೊಡದೆ ಇದ್ದದ್ದು ಬ್ಯಾರೇಜು. ಅಷ್ಟು ಪಾಲು ಅದಕ್ಕೆ ಸಲ್ಲಬೇಕು.

ಮುಂದಿನದು ಇನ್ನೂ ಸ್ವಾರಸ್ಯ. 1996ರಲ್ಲಿ ಜನತಾ ದಳದ ಎಚ್.ವೈ. ಮೇಟಿ ಗೆದ್ದು ಕಾಂಗ್ರೆಸ್ಸಿನ ಸರಪಳಿ ತುಂಡರಿಸಿದರು. 1998ರಲ್ಲಿ ಗೆದ್ದ ಅಜಯಕುಮಾರ ಸರನಾಯಕರ ಪಕ್ಷ ಲೋಕಶಕ್ತಿ, ಅಂದರೆ ಹೆಗಡೆ ಕಟ್ಟಿದ ಪಕ್ಷ. ಹೆಗಡೆಗೆ ಒಲಿಯದ ಕ್ಷೇತ್ರ ಅವರ ಪಕ್ಷಕ್ಕೆ ಒಲಿಯಿತು. 1999ರಲ್ಲಿ ಮತ್ತೆ ಕಾಂಗ್ರೆಸ್, ಆರ್.ಎಸ್. ಪಾಟೀಲ. 2004ರಲ್ಲಿ ಬಿಜೆಪಿಯ ಪಿ.ಸಿ. ಗದ್ದಿಗೌಡರ. 1991ರಿಂದ 1999ರವರೆಗೆ ನಾಲ್ಕು ಚುನಾವಣೆ, ನಾಲ್ಕು ಸಂಸದರು, ಒಬ್ಬರೂ ಮರಳಿ ಬರಲಿಲ್ಲ. ಆಮೇಲೆ ಗದ್ದಿಗೌಡರ ಒಬ್ಬರೇ 2004ರಿಂದ 2024ರವರೆಗೆ ಐದು ಸಲ.

ನ್ಯಾಮಗೌಡ ಲೋಕಸಭೆಗೆ ಮತ್ತೆ ಹೋಗಲಿಲ್ಲ. 2013ರಲ್ಲಿ ಜಮಖಂಡಿಯ ಶಾಸಕರಾದರು, 2018ರಲ್ಲಿ 2,795 ಮತಗಳಿಂದ ಉಳಿದುಕೊಂಡರು. ಆ ಫಲಿತಾಂಶದ ಎರಡು ವಾರದೊಳಗೆ, ಮೇ 28ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಮಗ ಆನಂದ 39,480 ಮತಗಳ ಅಂತರದಿಂದ ಗೆದ್ದರು, 2023ರಲ್ಲಿ ಬಿಜೆಪಿಯ ಜಗದೀಶ ಗುಡಗುಂಟಿ ಎದುರು ಸೋತರು. ಬ್ಯಾರೇಜಿನ ಹೆಸರು ಮೂವತ್ತು ವರ್ಷ ಬಾಳಿಕೆ ಬಂತು ಎನ್ನಬೇಕು.

ಮರಳುವಾಗ ಬೀಳಗಿ ಮೇಲೆ ಬನ್ನಿ. ಎಡಕ್ಕೆ ಎಲ್ಲೆಲ್ಲೋ ಹಿನ್ನೀರು ಮಿಂಚುತ್ತದೆ. ಬೀಳಗಿಯ ಲೆಕ್ಕ ಚಿಕ್ಕದು: 2008ರಲ್ಲಿ ಮುರುಗೇಶ ನಿರಾಣಿ, 2013ರಲ್ಲಿ ಜೆ.ಟಿ. ಪಾಟೀಲ, 2018ರಲ್ಲಿ ನಿರಾಣಿ, 2023ರಲ್ಲಿ ಪಾಟೀಲ. ಬಾಗಲಕೋಟೆ ನಗರವೂ ಹೀಗೇ ವೀರಣ್ಣ ಚರಂತಿಮಠ, ಮೇಟಿ, ಚರಂತಿಮಠ, ಮೇಟಿ. ಹುನಗುಂದವೂ ಹೀಗೇ ದೊಡ್ಡನಗೌಡ ಪಾಟೀಲ, ವಿಜಯಾನಂದ ಕಾಶಪ್ಪನವರ, ಮತ್ತೆ ಅವರು, ಮತ್ತೆ ಇವರು. ಆಲಮಟ್ಟಿ, ನಾರಾಯಣಪುರ ಈ ಎರಡು ಜಲಾಶಯಗಳ ಹಿನ್ನೀರಿನ ಅಂಚಿಗಿರುವ ಮೂರೂ ಕ್ಷೇತ್ರ ನಾಲ್ಕು ಚುನಾವಣೆ ತಪ್ಪದೆ ಮಗ್ಗುಲು ಬದಲಿಸಿವೆ. ಪರಿಹಾರ, ಪ್ಲಾಟಿನ ಹಕ್ಕುಪತ್ರ, ಪುನರ್ವಸತಿ ಕೇಂದ್ರದ ರಸ್ತೆ, ಇವು ಐದು ವರ್ಷದಲ್ಲಿ ಮುಗಿಯುವ ಕೆಲಸಗಳಲ್ಲ. ಕೂತವರನ್ನು ಎಬ್ಬಿಸುವುದಕ್ಕೆ ಅಷ್ಟು ಸಾಕು.

ನಾಲ್ಕನೇ ದಿನ: ಬಾದಾಮಿ, ನರಗುಂದ

ಗುಳೇದಗುಡ್ಡದಲ್ಲಿ ಖಣದ ಮಗ್ಗ ನೋಡಿ ಬಾದಾಮಿಗೆ. ಗುಹೆಗಳಿಗೆ ಹೋಗುವುದಾದರೆ ಬೆಳಗ್ಗೆಯೇ ಮುಗಿಸಿ; ಮಂಗಗಳು ಕೈಯಲ್ಲಿರುವ ಕಾಗದವನ್ನೂ ಬಿಡುವುದಿಲ್ಲ, ಫಾರಂ 20 ಚೀಲದ ಒಳಗಿರಲಿ.

2018ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರಿನ ಚಾಮುಂಡೇಶ್ವರಿಯ ಜೊತೆಗೆ ಬಾದಾಮಿಯಲ್ಲೂ ನಿಂತರು. ಅಲ್ಲಿ ಸೋತರು, ಇಲ್ಲಿ ಬಿಜೆಪಿಯ ಬಿ. ಶ್ರೀರಾಮುಲು ಎದುರು 1,696 ಮತಗಳಿಂದ ಪಾರಾದರು. ಇಬ್ಬರೂ ಹೊರಗಿನವರೇ. 2023ರಲ್ಲಿ ಅವರು ವರುಣಾಕ್ಕೆ ಮರಳಿದಾಗ ಬಾದಾಮಿ ಊರ ಮನೆತನಕ್ಕೇ ಮರಳಿತು: ಕಾಂಗ್ರೆಸ್ಸಿನ ಭೀಮಸೇನ ಚಿಮ್ಮನಕಟ್ಟಿ, 2013ರ ಶಾಸಕ ಬಿ.ಬಿ. ಚಿಮ್ಮನಕಟ್ಟಿಯವರ ಮಗ. ಗದ್ದಿಗೌಡರ ಊರು ಹೆಬ್ಬಳ್ಳಿಯೂ ಇದೇ ತಾಲ್ಲೂಕು. ಅಂದರೆ ಶಾಸಕರು ಕಾಂಗ್ರೆಸ್, ಮನೆಯ ಸಂಸದರು ಬಿಜೆಪಿ. ಬಾದಾಮಿಯವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಫಾರಂ 20 ಹರಡಲು ಇದು ತಕ್ಕ ಜಾಗ. 2008ರಲ್ಲಿ ಎಂಟಕ್ಕೆ ಎಂಟೂ ಬಿಜೆಪಿ ಶಾಸಕರು. ಮರುವರ್ಷ ಗದ್ದಿಗೌಡರ ಅಂತರ ಬರೀ 35,446, ಎದುರಾಳಿ ಜೆ.ಟಿ. ಪಾಟೀಲ. 2013ರಲ್ಲಿ ಮುಧೋಳ ಬಿಟ್ಟು ಏಳೂ ಕಾಂಗ್ರೆಸ್ಸಿಗೆ. ಮರುವರ್ಷ ಗದ್ದಿಗೌಡರ ಅಂತರ 1,16,560ಕ್ಕೆ ಏರಿತು. ಎದುರಿಗಿದ್ದವರು ಅದೇ ಅಜಯಕುಮಾರ ಸರನಾಯಕ, ಈ ಸಲ ಕಾಂಗ್ರೆಸ್ಸಿನಿಂದ. 2018ರಲ್ಲಿ ಆರು ಬಿಜೆಪಿ, ಎರಡು ಕಾಂಗ್ರೆಸ್. 2019ರ ಅಂತರ 1,68,187. 2023ರಲ್ಲಿ ಐದು ಕಾಂಗ್ರೆಸ್, ಮೂರು ಬಿಜೆಪಿ. 2024ರ ಅಂತರ 68,399. ಶಾಸಕರ ಸಂಖ್ಯೆ ನೋಡಿ ಸಂಸದರ ಅಂತರ ಊಹಿಸಲು ಹೋದವರು ನಾಲ್ಕರಲ್ಲಿ ಮೂರು ಸಲ ಮುಗ್ಗರಿಸುತ್ತಿದ್ದರು. 1989, 1999, 2004ರಲ್ಲಿ ಕರ್ನಾಟಕದಲ್ಲಿ ಎರಡೂ ಚುನಾವಣೆ ಒಟ್ಟಿಗೆ ನಡೆದಿದ್ದವು. 2008ರಿಂದ ವಿಧಾನಸಭೆಯ ಮರುವರ್ಷ ಲೋಕಸಭೆ ಎಂಬ ಕ್ರಮ ಬಂದಿದೆ, ಮತದಾರನಿಗೆ ಎರಡು ಖಾತೆ ಬೇರೆಬೇರೆ ಇಡಲು ಪೂರ್ತಿ ಒಂದು ವರ್ಷ ಸಿಗುತ್ತದೆ.

ಕುಳಗೇರಿ ಕ್ರಾಸಿನಲ್ಲಿ ಹೆದ್ದಾರಿ ಹಿಡಿದು ನರಗುಂದಕ್ಕೆ. ಎರೆಭೂಮಿ, ಮಲಪ್ರಭಾ ಕಾಲುವೆ. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ತೆಗೆದ ಮೇಲೆ ಭೂಮಿಯ ಬೆಲೆ ಏರಿತೆಂದು ಸರ್ಕಾರ ಅಭಿವೃದ್ಧಿ ಕರ ಕೇಳಿತು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ, ಎರೆಭೂಮಿಯಲ್ಲಿ ನೀರು ನಿಂತು ಸವುಳಾದ ಹೊಲಕ್ಕೂ ಕರ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ತಹಶೀಲ್ದಾರ್ ಕಚೇರಿಗೆ ಬಂದರು, ಪೊಲೀಸರ ಗೋಲಿಬಾರಿಗೆ ರೈತರು ಬಿದ್ದರು. ನರಗುಂದದಲ್ಲಿ ವೀರಗಲ್ಲು ಇದೆ. ಪ್ರತಿ ಜುಲೈ 21ರಂದು ಎಲ್ಲ ಪಕ್ಷದವರೂ ಮಾಲೆ ಹಿಡಿದು ಬರುತ್ತಾರೆ. ಆ ಬಂಡಾಯದ ಸಿಟ್ಟು ರಾಜ್ಯವಿಡೀ ಹಬ್ಬಿ, 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು, ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಬಂದರು. ಅವರೇ ರಾಮಕೃಷ್ಣ ಹೆಗಡೆ. ಮಲಪ್ರಭೆಯ ಸಿಟ್ಟು ಏರಿಸಿದವರನ್ನು ಎಂಟೇ ವರ್ಷದಲ್ಲಿ ಕೃಷ್ಣೆಯ ಬೆವರು ಇಳಿಸಿತು.

ನೀರಿನ ಲೆಕ್ಕ ಕೈಕೊಡುವುದೂ ಇಲ್ಲೇ. 2015ರ ಜುಲೈಯಿಂದ ನರಗುಂದದ ರೈತರು ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತರು. ಅಂತರರಾಜ್ಯ ವಿವಾದವಾದ್ದರಿಂದ ಬೇಡಿಕೆ ನೇರ ದಿಲ್ಲಿಗೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು, ಅದರ ಗೆಜೆಟ್ ಅಧಿಸೂಚನೆ ಬಂದದ್ದು 2020ರ ಫೆಬ್ರುವರಿಯಲ್ಲಿ. ನಡುವೆ ಬಂದದ್ದು 2019ರ ಲೋಕಸಭೆ ಚುನಾವಣೆ. ನೀರು ಮತವಾಗುವುದಾದರೆ ದಿಲ್ಲಿ ಆಳುವ ಪಕ್ಷಕ್ಕೆ ಆಗ ಪೆಟ್ಟು ಬೀಳಬೇಕಿತ್ತು. ಬದಲಿಗೆ ಕ್ಷೇತ್ರದಲ್ಲಿ ಅವರ ಅಂತರ ಒಂದೂವರೆ ಲಕ್ಷ ದಾಟಿತು. ಕಾಲುವೆ, ಪರಿಹಾರ, ಗೇಟು, ಇವೆಲ್ಲ ಶಾಸಕರ ಖಾತೆಗೆ ಬೀಳುವ ಜಮೆ-ಖರ್ಚು. ಎಂ.ಪಿ. ಮತವನ್ನು ಜನ ಪ್ರಧಾನಿಯ ಮುಖ ನೋಡಿ ಹಾಕುತ್ತಾರೆ. ನೀರು ತಂದ ಮನುಷ್ಯನೇ ಖುದ್ದಾಗಿ ದಿಲ್ಲಿಯ ಮತ ಕೇಳಿ ಗೆದ್ದದ್ದು 1991ರಲ್ಲಿ ಒಂದೇ ಸಲ.

ಐದನೇ ದಿನ: ಹುನಗುಂದ, ಇಳಕಲ್, ಸಂಗಮ

ಬಾಗಲಕೋಟೆಯಿಂದ ಹುನಗುಂದ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ಹಾದಿ. ಇಳಕಲ್ಲಿಗೆ ಸೀರೆಗಾಗಿ ಹೋಗಿಬರಲು ಎರಡು ತಾಸು ಸಾಕು. ಅಂಗಡಿಗಿಂತ ಮಗ್ಗದ ಮನೆ ವಾಸಿ, ತೊಪಿ ತೆಣಿ ವಿನ್ಯಾಸದ ಸೆರಗನ್ನು ಒಡಲಿಗೆ ಜೋಡಿಸುವ ಕೊಂಡಿ ಹಾಕುವುದನ್ನು ನೋಡಬಹುದು.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ನಾರಾಯಣಪುರ ಜಲಾಶಯದ ಹಿನ್ನೀರು ಇಲ್ಲಿವರೆಗೂ ಬರುತ್ತದೆ. ಐಕ್ಯಮಂಟಪವನ್ನು ಮುಳುಗಗೊಡದಂತೆ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು.

ಲಿಂಗಾಯತರ ಒಳಪಂಗಡವಾದ ಪಂಚಮಸಾಲಿಗಳಿಗೆ ಹಿಂದುಳಿದ ವರ್ಗಗಳ 2ಎ ಗುಂಪಿನ ಮೀಸಲಾತಿ ಕೇಳಿ ಬಸವ ಜಯಮೃತ್ಯುಂಜಯ ಸ್ವಾಮೀಜಿ 2021ರ ಜನವರಿ 14ರಂದು ಬೆಂಗಳೂರಿಗೆ ಪಾದಯಾತ್ರೆ ಹೊರಟದ್ದು ಇಲ್ಲಿಂದ. ಆ ಹೋರಾಟದ ಮುಂಚೂಣಿಯಲ್ಲಿದ್ದ ವಿಜಯಾನಂದ ಕಾಶಪ್ಪನವರ 2023ರಲ್ಲಿ ಹುನಗುಂದ ಗೆದ್ದರು. ಆದರೆ ಅವರ ಪತ್ನಿ, ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ವೀಣಾ, 2019ರಲ್ಲಿ ಗದ್ದಿಗೌಡರ ಎದುರು ಸೋತಿದ್ದರು. 2024ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ, ಅಸಮಾಧಾನ ಬೀದಿಗೆ ಬಂತು. ಕಾಂಗ್ರೆಸ್ ನಿಲ್ಲಿಸಿದ್ದು ಸಚಿವ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಪಾಟೀಲರನ್ನು. ಗದ್ದಿಗೌಡರಿಗೆ 6,71,039, ಸಂಯುಕ್ತಾಗೆ 6,02,640. ಸೋಲು ಸೋಲೇ, ಆದರೆ 2019ರ ಅಂತರದಲ್ಲಿ ಸುಮಾರು ಒಂದು ಲಕ್ಷ ಕಳೆದದ್ದು ಹೊರಗಿನವರೆಂದು ಕರೆಸಿಕೊಂಡ ಅಭ್ಯರ್ಥಿಯೇ. 'ಹೊರಗಿನವರು' ಎಂಬ ಮಾತಿನ ತೂಕ ಈ ಕ್ಷೇತ್ರದಲ್ಲಿ ಎಷ್ಟೆಂದು 1980, 1991, 2018, 2024ರ ನಾಲ್ಕೂ ಹಾಳೆ ಒಟ್ಟಿಗಿಟ್ಟು ನೋಡುವುದು ಒಳ್ಳೆಯದು.

ಮರಳಲು ಬಾಗಲಕೋಟೆಗೇ ಬರಬೇಕಿಲ್ಲ. ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಕೃಷ್ಣಾ ಸೇತುವೆ, ನಿಡಗುಂದಿ, ಅಲ್ಲಿಂದ ಆಲಮಟ್ಟಿ ರೈಲು ನಿಲ್ದಾಣ ಹತ್ತಿರ. ಸೇತುವೆಯ ಆಚೆ ತುದಿಗೆ ಬಾಗಲಕೋಟೆ ಕ್ಷೇತ್ರ ಮುಗಿದು ವಿಜಯಪುರ ಲೋಕಸಭಾ ಕ್ಷೇತ್ರ ಶುರು, 2008ರ ಪುನರ್ವಿಂಗಡಣೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದದ್ದು. ಆ ದಂಡೆಯ ಬಸವನ ಬಾಗೇವಾಡಿಯೇ ಶಿವಾನಂದ ಪಾಟೀಲರ ವಿಧಾನಸಭಾ ಕ್ಷೇತ್ರ.